ಬಳೆಯೊಳಗಿನ ಜಲಪರ್ಣಿ: ಪುಣೆಯ ಒಂದು ಮನೆಕೊಳದ ಪ್ರಕರಣ

ಪುಣೆಯ ಬಾವಧನದಲ್ಲಿ, ಗುಡ್ಡದ ಇಳಿಜಾರಿಗೆ ಅಂಟಿಕೊಂಡಿರುವ ಒಂದು ಮನೆಯ ಹಿತ್ತಲ ಕೊಳ ಈ ಅಧ್ಯಯನದ ವಿಷಯ. ಮನೆಯವರು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನವರು, ಬಹಳ ವರ್ಷಗಳಿಂದ ಇಲ್ಲೇ ನೆಲೆಸಿದ್ದಾರೆ. ಕೊಳವನ್ನು ದೀಪಾವಳಿಯ ಹೊತ್ತಿಗೆ ಸಿಮೆಂಟಿನಲ್ಲಿ ಕಟ್ಟಿಸಿದ್ದರು: ಉದ್ದ 8 ಅಡಿ, ಅಗಲ 5 ಅಡಿ, ಆಳ ಒಂದೂವರೆ ಅಡಿ. ತುಂಬಿದರೆ ಸುಮಾರು 1,700 ಲೀಟರ್ ನೀರು ಹಿಡಿಯುತ್ತದೆ. ನಡುವೆ ಪುಟ್ಟ ಕಾರಂಜಿ, ಅದರ ಸುತ್ತ ಆರು ಕೊಯ್ ಮೀನು, ಪಡುವಣ ಮೂಲೆಯಲ್ಲಿ ಹಳೆಯ ಮಾವಿನ ಮರ. ಮನೆಯ ಒಡತಿಗೆ ಬೇಕಾಗಿದ್ದದ್ದು ನೇರಳೆ ಹೂ ಬಿಡುವ ಜಲಪರ್ಣಿ. ವಾಟರ್ ಹಯಸಿಂತ್ ಎಂದು ನರ್ಸರಿಯವರು ಮಾರುವ ಇದನ್ನು ಪುಣೆಯಲ್ಲಿ ಕನ್ನಡಿಗರೂ ಮರಾಠಿಗರೂ ಜಲಪರ್ಣಿಯೆಂದೇ ಕರೆಯುತ್ತಾರೆ. ಮನೆಯ ತೋಟ ನೋಡಿಕೊಳ್ಳುವ ಮಾಳಿಕಾಕಾ ಪಾಷಾಣ್ ಕೆರೆಯ ದಡದಿಂದ ಒಂದು ಬುಟ್ಟಿ ಗಿಡ ತಂದು ಕೊಳಕ್ಕೆ ಬಿಟ್ಟರು. ಮಕರ ಸಂಕ್ರಾಂತಿಯ ವೇಳೆಗೆ ಅದರಲ್ಲಿ ಮುಕ್ಕಾಲು ಭಾಗ ಕೊಳೆತು ಹೋಗಿತ್ತು.

ಪುಣೆಯಲ್ಲಿ ಮನೆತೋಟಗಳನ್ನೂ ಅವುಗಳ ಕೊಳಗಳನ್ನೂ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಹೋದ ದಿನ ಮನೆಯ ಒಡತಿ (ಅವರನ್ನು ನಾನು ಅಕ್ಕ ಎನ್ನುತ್ತೇನೆ, ಅವರ ಪತಿಯನ್ನು ಭಾವ) ಕೇಳಿದ ಮೊದಲ ಮಾತು ಇದು: "ಕೆರೆಯಲ್ಲಿ ಯಾರೂ ನೀರುಣಿಸದೆ ಸೊಕ್ಕಿ ಬೆಳೆಯುವ ಗಿಡ, ಇಷ್ಟು ಅಕ್ಕರೆಯಿಂದ ನೋಡಿಕೊಂಡರೂ ನಮ್ಮ ಮನೆಯಲ್ಲಿ ಯಾಕೆ ಸಾಯುತ್ತದೆ, ತಮ್ಮಾ?"

ಪ್ರಶ್ನೆ ನ್ಯಾಯವಾದದ್ದು. ಬೆಚ್ಚಗಿನ, ಸತ್ತ್ವವುಳ್ಳ ನೀರಿನಲ್ಲಿ ಜಲಪರ್ಣಿ ಒಂದೆರಡು ವಾರದಲ್ಲೇ ಇಮ್ಮಡಿಯಾಗುತ್ತದೆ. ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆಯ ಈ ಗಿಡ ಹೂವಿನ ಚೆಲುವಿನಿಂದಾಗಿಯೇ ತೋಟಗಳ ಮೂಲಕ ಲೋಕವನ್ನೆಲ್ಲ ಸುತ್ತಿತು. 19ನೇ ಶತಮಾನದ ಕೊನೆಗೆ ಬಂಗಾಳಕ್ಕೆ ಬಂದು ಕೆಲವೇ ದಶಕಗಳಲ್ಲಿ ಅಲ್ಲಿನ ಹೊಳೆ, ಗದ್ದೆಗಳನ್ನು ಮುಚ್ಚಿಹಾಕಿತು. 1936ರಲ್ಲಿ ಅದನ್ನು ತಡೆಯಲೆಂದೇ ಬಂಗಾಳದಲ್ಲಿ ಕಾನೂನು ಮಾಡಬೇಕಾಯಿತು. ಅಂಥ ಗಿಡ 1,700 ಲೀಟರ್ ನೀರಿನಲ್ಲಿ ಸೊರಗಿದೆಯೆಂದರೆ ಕಾರಣ ಆ ನೀರಿನಲ್ಲೂ ಕೊಳದ ಸುತ್ತಮುತ್ತಲೂ ಸಿಗಲೇಬೇಕು.

ಉಳಿದಿದ್ದ ಒಂದು ಗಿಡವನ್ನು ಎತ್ತಿ ಕೊಳದ ಕಟ್ಟೆಯ ಮೇಲೆ ಇಟ್ಟು ನೋಡಿದೆವು. ಹೊರಸುತ್ತಿನ ಎಲೆಗಳ ತೊಟ್ಟು ಎರಡಡಿ ಉದ್ದ, ಬೆರಳಿಗಿಂತ ತೆಳ್ಳಗೆ, ಬಾಗಿ ನೀರಿಗೆ ಬಿದ್ದು ಕೊಳೆಯತೊಡಗಿದ್ದವು. ಒಳಸುತ್ತಿನ ಹೊಸ ಎಲೆಗಳ ತೊಟ್ಟು ಗಿಡ್ಡ, ಬುಡದಲ್ಲಿ ನಿಂಬೆಕಾಯಿ ಗಾತ್ರಕ್ಕೆ ಉಬ್ಬಿತ್ತು. ನಟ್ಟನಡುವಿನ ಎಳೆ ಎಲೆ ಹೆಬ್ಬೆರಳ ಉಗುರಿನಷ್ಟಿದ್ದು, ಹಸಿರೇ ಇಲ್ಲದೆ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಗಿಡವನ್ನು ತಿರುವಿ ಹಾಕಿದರೆ, ನವಿರಾದ ಎಳೆಗಳ ಗೊಂಚಲಾಗಿ ಇಳಿಬೀಳಬೇಕಿದ್ದ ಬೇರು ಬೋಳುಬೋಳು, ಎರಡಂಗುಲದ ಮೊಂಡು. ಒಂದೇ ಗಿಡದಲ್ಲಿ ಬೇರೆ ಬೇರೆ ತೊಂದರೆಗಳ ಗುರುತು ಅಕ್ಕಪಕ್ಕದಲ್ಲೇ ಇದ್ದವು. ಅವನ್ನು ಬಿಡಿಸಿ ನೋಡದೆ "ಗೊಬ್ಬರ ಸಾಲದು" ಎಂದು ಸಗಣಿ ಸುರಿದಿದ್ದರೆ ಗಿಡದ ಜೊತೆಗೆ ಮೀನೂ ಹೋಗುತ್ತಿದ್ದವು.

ಉದ್ದ ತೊಟ್ಟಿನ ಎಲೆಗಳು ಕೊಳೆತದ್ದು ರೋಗದಿಂದಲ್ಲ. ಕೆರೆಯಲ್ಲಿ ಈ ಗಿಡಗಳು ಒಂದಕ್ಕೊಂದು ಒತ್ತಿಕೊಂಡು, ಬೆಳಕಿಗಾಗಿ ಪೈಪೋಟಿಯಲ್ಲಿ ಮೇಲೇರಿದ್ದವು. ನೆರೆಯ ಗಿಡಗಳ ಆಸರೆ ಇರುವವರೆಗೆ ಮಾತ್ರ ಅಂಥ ತೊಟ್ಟು ನೆಟ್ಟಗೆ ನಿಲ್ಲುತ್ತದೆ. ಬಿಡಿಬಿಡಿಯಾಗಿ ಬಯಲು ನೀರಿಗೆ ಬಿಟ್ಟ ಕೂಡಲೇ ಬಾಗುತ್ತದೆ, ಗಾಳಿಗೆ ಗಿಡವೇ ಮಗುಚುತ್ತದೆ. ಆಗ ಗಿಡ ಹಳೆಯ ಎಲೆಗಳನ್ನು ಕಳೆದುಕೊಂಡು, ಗಾಳಿ ತುಂಬಿದ ಗಿಡ್ಡ ತೊಟ್ಟಿನ ಹೊಸ ಎಲೆಗಳನ್ನು ಹೊರಡಿಸುತ್ತದೆ. ಬಯಲು ನೀರಿನಲ್ಲಿ ತೇಲಲು ಅದೇ ತಕ್ಕ ಆಕಾರ. ಎಂದರೆ ಆ ಉಬ್ಬಿದ ತೊಟ್ಟುಗಳು ಗಿಡ ಚೇತರಿಸಿಕೊಳ್ಳುತ್ತಿರುವ ಲಕ್ಷಣ. ಇದರ ಮೇಲೆ ಇನ್ನೊಂದು ಪೆಟ್ಟೂ ಬಿದ್ದಿತ್ತು. ಪಾಷಾಣ್ ಕೆರೆಗೆ ಹರಿದುಬರುವ ರಾಮನದಿಯಲ್ಲಿ ಊರಿನ ಕೊಳಚೆ ಸೇರುತ್ತದೆ. ಅಲ್ಲಿ ಸಾರಜನಕ, ರಂಜಕಗಳಿಗೆ ಬರವಿಲ್ಲ. ಅಲ್ಲಿಂದ ಗಿಡ ಒಮ್ಮೆಲೇ ನಲ್ಲಿಯ ತಿಳಿನೀರಿಗೆ ಬಂತು. ಅದೂ ಪುಣೆಯ ರಾತ್ರಿಗಳು 10-12 ಡಿಗ್ರಿಗೆ ಇಳಿಯುವ ಕಾಲದಲ್ಲಿ! ಈ ಗಿಡ ಚೆನ್ನಾಗಿ ಬೆಳೆಯುವುದು 25ರಿಂದ 30 ಡಿಗ್ರಿಯ ಆಸುಪಾಸಿನಲ್ಲಿ. ಜನವರಿಯಲ್ಲಿ ಅದು ಇದ್ದಲ್ಲೇ ಇದ್ದರೆ ಅದೇ ಹೆಚ್ಚು.

ಬೆಣ್ಣೆ ಬಣ್ಣದ ಎಳೆ ಎಲೆಯ ಕಾರಣ ಬೇರೆಯದು. ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾಮಾನ್ಯವಾಗಿ ಸಾರಜನಕದ ಕೊರತೆ. ಹೊಸ ಎಲೆಯೇ ಬಿಳಚಿಕೊಂಡು ಹುಟ್ಟಿದರೆ ಕಬ್ಬಿಣ ಸಿಗುತ್ತಿಲ್ಲ ಎಂದು ಅನುಮಾನಿಸಬೇಕು. ನೀರು ಹುಳಿಯೋ ಕ್ಷಾರವೋ ಎಂದು ಬಣ್ಣದಿಂದ ತೋರಿಸುವ ಪಿಎಚ್ ಪಟ್ಟಿಯನ್ನು ಅದ್ದಿದರೆ ಬಣ್ಣ 9ನ್ನೂ ದಾಟಿತು. ಹೊಸ ಸಿಮೆಂಟು ತಿಂಗಳುಗಟ್ಟಲೆ ನೀರಿಗೆ ಸುಣ್ಣ ಬಿಡುತ್ತದೆ, ಅಷ್ಟು ಕ್ಷಾರವಾದ ನೀರಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಜಲಪರ್ಣಿಗೆ ಒಗ್ಗುವುದು 6ರಿಂದ 8ರ ನಡುವಿನ ನೀರು. ಮೀನುಗಳು ಮಂಕಾಗಿ ಮೂಲೆ ಹಿಡಿದದ್ದಕ್ಕೂ ಇದೇ ಕಾರಣವಿರಬೇಕು. ಕೊಳ ಕಟ್ಟಿಕೊಟ್ಟವರು ಈ ವಿಷಯವನ್ನು ಮನೆಯವರಿಗೆ ಹೇಳಿಯೇ ಇರಲಿಲ್ಲ. ಸಿಮೆಂಟಿನ ಕೊಳ ಕಟ್ಟುವ ಪ್ರತಿಯೊಬ್ಬರೂ ಹೇಳಲೇಬೇಕಾದ ಮಾತು ಇದು.

ಬೇರನ್ನು ಬೋಳಿಸಿದ್ದು ಕೊಯ್ ಮೀನುಗಳು. ಕಾರಂಜಿಯ ತುಂತುರು ಹಗಲಿಡೀ ಎಲೆಗಳ ಮೇಲೆ ಬೀಳುತ್ತಿತ್ತು, ಅಲೆ ಗಿಡಗಳನ್ನು ಮಾವಿನ ನೆರಳಿನ ಮೂಲೆಗೇ ತಳ್ಳುತ್ತಿತ್ತು. ಈ ಗಿಡಕ್ಕೆ ನಿಂತ ನೀರೂ ನೇರ ಬಿಸಿಲೂ ಬೇಕು. ದಿನಕ್ಕೆ ಐದಾರು ಗಂಟೆಯಾದರೂ ಬಿಸಿಲು ಬೀಳದಿದ್ದರೆ ಹೂವಿನ ಆಸೆ ಬಿಡುವುದು ಲೇಸು. ನೆರಳಿನ ಆ ಮೂಲೆಯಲ್ಲಿ ಎರಡು ಗಂಟೆಯ ಬಿಸಿಲೂ ಇರಲಿಲ್ಲ.

ಫೆಬ್ರವರಿಯಲ್ಲಿ ಕೆಲಸಕ್ಕೆ ಕೈ ಹಾಕಿದೆವು. ಮೊದಲು ಸಿಮೆಂಟಿನ ಸುಣ್ಣ. ಮೀನುಗಳನ್ನು ದೊಡ್ಡ ಟಬ್ಬಿಗೆ ಸಾಗಿಸಿ ಕೊಳವನ್ನು ಖಾಲಿ ಮಾಡಿದೆವು. ಗೋಡೆಯನ್ನು ವಿನೆಗರ್ ನೀರಿನಿಂದ ಉಜ್ಜಿ ತೊಳೆದು, ಹೊಸ ನೀರು ತುಂಬಿ, ಬಾಳೆದಿಂಡಿನ ತುಂಡುಗಳನ್ನು ಹಾಕಿ ಕೊಳೆಯಲು ಬಿಟ್ಟೆವು. ಮೀನು ಸಾಕುವವರು ಹೊಸ ಸಿಮೆಂಟು ತೊಟ್ಟಿಯನ್ನು ಹದಕ್ಕೆ ತರಲು ಹಿಂದಿನಿಂದಲೂ ಮಾಡಿಕೊಂಡು ಬಂದಿರುವ ಉಪಾಯವಿದು: ದಿಂಡು ಕೊಳೆಯುವಾಗ ಹುಟ್ಟುವ ಹುಳಿ ಸುಣ್ಣವನ್ನು ಮುರಿಯುತ್ತದೆ. ವಾಸನೆ ಬರುತ್ತದೆ, ಅದನ್ನು ಸಹಿಸಲೇಬೇಕು. ಭಾವನವರು ವಾರವಿಡೀ ಹಿತ್ತಲ ಕಿಟಕಿ ಮುಚ್ಚಿಕೊಂಡೇ ಕುಳಿತರು. ಆ ನೀರನ್ನು ಚೆಲ್ಲಿ ಮತ್ತೆ ತುಂಬಿ, ಮತ್ತೆ ಚೆಲ್ಲಿ, ಹೀಗೆ ಪಟ್ಟಿಯ ಬಣ್ಣ 8ರ ಕೆಳಗೆ ಬಂದು ಅಲ್ಲೇ ನಿಲ್ಲುವವರೆಗೆ ಮಾಡಿದೆವು. ನಲ್ಲಿ ನೀರನ್ನು ಪ್ರತಿ ಸಲವೂ ಎರಡು ದಿನ ಹಾಗೆಯೇ ಬಿಟ್ಟು, ಕ್ಲೋರಿನ್ ಹೋದ ಮೇಲೆಯೇ ಮೀನುಗಳನ್ನು ಮರಳಿ ಬಿಟ್ಟದ್ದು. ಬಿಳಚಿದ ಗಿಡಗಳಿಗೆ ಕೃಷಿ ಅಂಗಡಿಯಲ್ಲಿ ಸಿಗುವ ಚೀಲೇಟೆಡ್ ಕಬ್ಬಿಣವನ್ನು (ಬೇರಿಗೆ ದಕ್ಕುವ ರೂಪದ ಕಬ್ಬಿಣ) ಚಿಟಿಕೆಯಷ್ಟು, ಬೇರೆ ಬಕೆಟ್ಟಿನಲ್ಲಿ ಕರಗಿಸಿ ಉಣಿಸಿದೆವು. ಮುಂದಿನ ಎಲೆ ಹಸಿರಾಗಿಯೇ ಬಿಚ್ಚಿಕೊಂಡಿತು.

ಇದಾದ ಮೇಲಿನದ್ದು ಬಳೆಯ ಕೆಲಸ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ.

ತೋಟಕ್ಕೆ ನೀರು ಹಾಯಿಸುವ ಪೈಪನ್ನು ಮೂರಡಿ ಅಗಲದ ಬಳೆಯಾಗಿ ಬಾಗಿಸಿ, ತುದಿಗಳನ್ನು ನೀರು ಒಳಹೋಗದಂತೆ ಜೋಡಿಸಿದರೆ ಅದು ತೇಲುತ್ತದೆ. ಅದಕ್ಕೆ ಕೆಳಗಿನಿಂದ ನೈಲಾನ್ ಬಲೆಯ ಚೀಲ ಹೊಲಿದೆವು. ಬೇರು ಬಲೆಯೊಳಗೆ ಇಳಿಯುತ್ತದೆ, ಕೊಯ್ ಮೀನಿನ ಬಾಯಿ ಅಲ್ಲಿಗೆ ತಲುಪುವುದಿಲ್ಲ. ಮೀನಿನ ಹಿಕ್ಕೆ ಕರಗಿದ ನೀರು ಮಾತ್ರ ಒಳಗೆ ಆಡುತ್ತದೆ, ಅದೇ ಗಿಡಕ್ಕೆ ಗೊಬ್ಬರ. ಬಳೆಯನ್ನು ಮೂಡಣ ಬದಿಗೆ ಹುರಿಯಿಂದ ಕಟ್ಟಿ ನಿಲ್ಲಿಸಿದೆವು. ಅಲ್ಲಿ ಬೆಳಗ್ಗೆ 8ರಿಂದ ಮಧ್ಯಾಹ್ನ ಒಂದೂವರೆಯವರೆಗೆ ನೇರ ಬಿಸಿಲು. ಕಾರಂಜಿಯ ತಲೆ ತೆಗೆದು, ನೀರು ಕಲ್ಲಿನ ಮೇಲಿಂದ ಸದ್ದಿಲ್ಲದೆ ಇಳಿಯುವಂತೆ ಮಾಡಿದೆವು.

ಬಳೆಯೊಳಗೆ ಗಿಡಗಳನ್ನು ಒತ್ತಾಗಿ ತುಂಬಿದಾಗ ಅಕ್ಕ ತಡೆದರು. "ಅವಕ್ಕೆ ಕೈಕಾಲು ಚಾಚಲು ಜಾಗ ಬೇಡವೇ?" ಜಾಗ ಕೊಟ್ಟರೆ ಅವು ಚಾಚುತ್ತಲೇ ಹೋಗುತ್ತವೆ. ಪಕ್ಕದ ಮೊಗ್ಗುಗಳಿಂದ ನೀರಮೇಲೆ ಹಂಬು ಹರಿದು ತುದಿಯಲ್ಲಿ ಮರಿಗಿಡ ಕೂರುತ್ತದೆ, ಆ ಮರಿಗೆ ಇನ್ನೊಂದು ಮರಿ. ಬಯಲು ನೀರು ಇರುವವರೆಗೆ ಗಿಡದ ಬಲವೆಲ್ಲ ಸಂತಾನ ಹರಡುವುದಕ್ಕೇ ಖರ್ಚಾಗುತ್ತದೆ. ಜಾಗ ತುಂಬಿದ ಮೇಲೆ, ಬಿಸಿಲೂ ಬಿಸುಪೂ ಸಾಕಷ್ಟಿದ್ದರೆ, ಬೆಳೆಯುವ ತುದಿಮೊಗ್ಗೇ ಹೂಗೊಂಚಲಾಗಿ ಮುಗಿಯುತ್ತದೆ; ಪಕ್ಕದ ಇನ್ನೊಂದು ಮೊಗ್ಗು ಗಿಡದ ಬೆಳವಣಿಗೆಯನ್ನು ಮುಂದುವರಿಸುತ್ತದೆ. ಇಕ್ಕಟ್ಟಿನಲ್ಲಿಯೇ ಇದು ಹೂವಾಡುವುದು ಎಂಬುದು ಈ ಗಿಡ ಬೆಳೆಸಿದವರ ಬಹುಕಾಲದ ಅನುಭವ, ನನ್ನದೂ ಅದೇ. ಹಾಗಾಗಿ ಗಿಡವನ್ನು ಹದ್ದುಬಸ್ತಿನಲ್ಲಿಡುವ ಕೆಲಸ ಮತ್ತು ಹೂ ಬಿಡಿಸುವ ಕೆಲಸ, ಎರಡನ್ನೂ ಆ ಒಂದು ಬಳೆ ಮಾಡುತ್ತದೆ. ಬಳೆ ಕೊಳದ ಮೂರರಲ್ಲೊಂದು ಭಾಗವನ್ನು ಮೀರಬಾರದು. ಕೊಳವನ್ನೆಲ್ಲ ಎಲೆ ಮುಚ್ಚಿದರೆ ಗಾಳಿ, ಬೆಳಕು ತಪ್ಪಿ ನೀರಿನ ಆಮ್ಲಜನಕ ಕುಸಿಯುತ್ತದೆ, ಬೆಳಗಾಗುವುದರೊಳಗೆ ಮೀನುಗಳು ಬಾಯಿ ತೆರೆದು ಮೇಲೆ ಬರುತ್ತವೆ.

ಅಕ್ಕನ ಒತ್ತಾಯಕ್ಕೆ ಒಂದು ಪುಟ್ಟ ಪರೀಕ್ಷೆಯನ್ನೂ ಮಾಡಿದೆವು. ಅಗಲ ಬಾಯಿಯ ಟಬ್ಬಿನ ತಳದಲ್ಲಿ ಎರಡಂಗುಲ ಕರಿಮಣ್ಣು ಮತ್ತು ಒಂದು ಹಿಡಿ ಎರೆಗೊಬ್ಬರ, ಅದರ ಮೇಲೆ ಒಂದು ಗೇಣು ನೀರು. ನಾಲ್ಕು ಗಿಡಗಳು, ಬೇರು ಮಣ್ಣಿಗೆ ತಾಗುವಂತೆ. ಇಟ್ಟದ್ದು ತಾರಸಿಯ ಮೇಲೆ. ಸೊಳ್ಳೆ ಹುಟ್ಟದಿರಲು ಅದರಲ್ಲಿ ಕೆಲವು ಗಪ್ಪಿ ಮೀನು. ಸೊಳ್ಳೆಯ ವಿಷಯದಲ್ಲಿ ಇಲ್ಲಿ ಎಚ್ಚರ ಬೇಕೇ ಬೇಕು. ಮ್ಯಾನ್ಸೋನಿಯಾ ಎಂಬ ಜಾತಿಯ ಸೊಳ್ಳೆಮರಿ ಇಂಥ ತೇಲುಗಿಡಗಳ ಬೇರನ್ನೇ ಚುಚ್ಚಿ ಅದರೊಳಗಿನ ಗಾಳಿಯನ್ನು ಉಸಿರಾಡುತ್ತದೆ. ನೀರಿನ ಮೇಲ್ಮೈಗೆ ಬರುವುದೇ ಇಲ್ಲ, ಆದ್ದರಿಂದ ಇಣುಕಿ ನೋಡಿದರೆ ಕಾಣುವುದೂ ಇಲ್ಲ. ಕೆರೆಯಿಂದ ತಂದ ಗಿಡವನ್ನು ನೇರವಾಗಿ ಕೊಳಕ್ಕೆ ಬಿಡದೆ, ಬೇರನ್ನು ಧಾರೆಯ ಕೆಳಗೆ ಚೆನ್ನಾಗಿ ತೊಳೆದು, ಕೆಲವು ದಿನ ಬೇರೆ ಬಕೆಟ್ಟಿನಲ್ಲಿಟ್ಟು ಗಮನಿಸುವುದು ಇದಕ್ಕೇ.

ಮಾರ್ಚಿನಲ್ಲಿ ಬಿಸಿಲೇರಿದಂತೆ ಗಿಡಗಳಿಗೆ ಜೀವ ಬಂತು. ಬೇರು ಒಂದಡಿ ಇಳಿದು ಕಡುನೇರಳೆಗೆ ತಿರುಗಿತು. ಬಳೆಯೊಳಗೆ ಬೆರಳು ತೂರಿಸಲು ಸಂದಿಲ್ಲದಂತಾಯಿತು, ತೊಟ್ಟುಗಳು ಮತ್ತೆ ಉದ್ದವಾಗಿ ನೆಟ್ಟಗೆ ನಿಂತವು. ಈ ಸಲ ಒಂದಕ್ಕೊಂದು ಆಸರೆಯಿತ್ತು. ಈ ನಡುವೆ ಕೆಲವು ಎಲೆಗಳ ಮೇಲೆ ಸಾಸಿವೆಗಾತ್ರದ ಕೆರೆತದ ಗುರುತು ಕಂಡು ಅಕ್ಕ ಔಷಧ ಸಿಂಪಡಿಸಲು ಹೊರಟಿದ್ದರು. ಅದು ಸೊಂಡಿಲಿನ ಪುಟ್ಟ ಜೀರುಂಡೆಯ ಕೆಲಸ. ಜಲಪರ್ಣಿಯನ್ನು ಹತೋಟಿಗೆ ತರಲೆಂದು ಅದರ ತವರಿನಿಂದಲೇ ಈ ಕೀಟವನ್ನು ತರಿಸಿ, 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಲ್ಲಿ ಬಿಡಲಾಗಿತ್ತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದರ ಮೇಲೆ ಮಾಡಿದ ಕೆಲಸ ಹೆಸರಾದದ್ದು. ನಮ್ಮ ಹೊಳೆಗಳ ಪಾಲಿಗೆ ಈ ಕೀಟ ಉಪಕಾರಿ. ಮನೆಕೊಳದಲ್ಲಿ ಎಲೆಯನ್ನು ಕಿತ್ತು ಹಾಕಿದರೆ ಸಾಕು. ಕೀಟನಾಶಕ ಸಿಂಪಡಿಸಿದರೆ ಸಾಯುವುದು ಮೀನು.

ಮೊದಲ ಹೂ ಬಂದದ್ದು ತಾರಸಿಯ ಟಬ್ಬಿನಲ್ಲಿ, ಏಪ್ರಿಲ್ ಕೊನೆಗೆ. ಕೊಳದ ಬಳೆಯಲ್ಲಿ ಅದಕ್ಕಿಂತ ಒಂದು ವಾರಕ್ಕೂ ಹೆಚ್ಚು ತಡ. ಬೇರು ಮಣ್ಣು ಹಿಡಿದದ್ದರಿಂದ ಬೇಗ ಅರಳಿತೆಂದು ಅಕ್ಕ ನಂಬಿದ್ದಾರೆ. ತಾರಸಿಯಲ್ಲಿ ಬಿಸಿಲು ಸಂಜೆಯವರೆಗೂ ಇತ್ತೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು ಟಬ್ಬನ್ನು ನೋಡಿ ಇತ್ಯರ್ಥ ಮಾಡುವ ವಿಷಯ ಇದಲ್ಲ.

ಆ ಹೂವನ್ನು ಹತ್ತಿರದಿಂದ ನೋಡಬೇಕು. ಒಂದೇ ದಂಟಿನ ಸುತ್ತ ಹತ್ತು ಹನ್ನೆರಡು ಹೂ, ಪ್ರತಿಯೊಂದಕ್ಕೂ ತಿಳಿನೇರಳೆಯ ಆರು ದಳ. ಐದು ದಳಗಳು ಸಾದಾ. ಮೇಲ್ಗಡೆಯ ಆರನೆಯದು ಉಳಿದವಕ್ಕಿಂತ ಅಗಲ, ಅದರ ನಡುವೆ ಕಡುನೀಲಿಯ ಮಚ್ಚೆ, ನೀಲಿಯೊಳಗೆ ಹಳದಿಯ ಬೊಟ್ಟು, ನವಿಲುಗರಿಯ ಕಣ್ಣಿನಂತೆ. ಬಿಸಿಲೇರುವ ಹೊತ್ತಿಗೆ ಅರಳಿ ನಿಂತದ್ದು ಒಂದೆರಡು ದಿನದಲ್ಲಿ ಮುದುಡುತ್ತದೆ. ಆಮೇಲೆ ದಂಟು ತಾನಾಗಿಯೇ ಬಾಗಿ ನೀರಿನ ಕಡೆಗೆ ಇಳಿಯುತ್ತದೆ. ಇದನ್ನು ಕಂಡು "ಬಾಡಿ ಬಿತ್ತು" ಎಂದು ಸುಮ್ಮನಾಗುವವರೇ ಹೆಚ್ಚು. ಅದು ಬೀಜ ಬಲಿಯುವ ಏರ್ಪಾಡು. ಸುಮಾರು ಮೂರು ವಾರದಲ್ಲಿ ಬಲಿತ ಕಾಯಿಯಿಂದ ಬೀಜ ಕೆಸರಿಗೆ ಸೇರಿದರೆ ಹದಿನೈದು ವರ್ಷಕ್ಕೂ ಮಿಕ್ಕಿ ಜೀವ ಹಿಡಿದು ಕೂತಿರಬಲ್ಲದು. ಹೂ ಮುದುಡಿದ ದಿನವೇ ದಂಟನ್ನು ಬುಡದಿಂದ ಕತ್ತರಿಸುವುದನ್ನು ಮಾಳಿಕಾಕಾಗೆ ಅಕ್ಕನೇ ಕೈಯಾರೆ ತೋರಿಸಿಕೊಟ್ಟರು.

ಹೂ ಬಂತು, ಅಲ್ಲಿಗೆ ಕೆಲಸ ಮುಗಿಯಿತು ಎನ್ನುವ ಹಾಗಿರಲಿಲ್ಲ. ಮಳೆಗಾಲ ಎದುರಿಗಿತ್ತು.

ಕೊಳದ ಹೆಚ್ಚಿನ ನೀರು ಹೋಗಲು ಕಟ್ಟೆಯಲ್ಲಿ ಒಂದು ಕೊಳವೆ ಇತ್ತು. ಅದರ ಜಾಡು ಹಿಡಿದು ನಡೆದೆವು. ಕೊಳವೆ ರಸ್ತೆಬದಿಯ ಮಳೆನೀರಿನ ಗಟಾರಕ್ಕೆ, ಗಟಾರ ನಾಲೆಗೆ, ನಾಲೆ ರಾಮನದಿಗೆ. ರಾಮನದಿ ಪಾಷಾಣ್ ದಾಟಿ ಮುಳಾ ನದಿಗೆ ಸೇರುತ್ತದೆ. ಮುಳಾ-ಮುಠಾ ಕೂಡಿ ಭೀಮೆಗೆ, ಭೀಮೆ ಉಜನಿ ಜಲಾಶಯಕ್ಕೆ, ಅಲ್ಲಿಂದ ಪಂಢರಾಪುರದ ಮುಂದೆ ಹಾದು ಕರ್ನಾಟಕಕ್ಕೆ. ನಾನು ಇಷ್ಟು ಹೇಳುವಷ್ಟರಲ್ಲಿ ಅಕ್ಕ ಉಳಿದದ್ದನ್ನು ತಾವೇ ಪೂರೈಸಿದರು: "ಗಾಣಗಾಪುರಕ್ಕೆ. ನಮ್ಮೂರಿಗೆ." ಅವರ ತವರಿನ ಹೊಲಕ್ಕೆ ನೀರೆತ್ತುವುದು ಅದೇ ಭೀಮೆಯಿಂದ. ಒಂದು ಮರಿಗಿಡ, ಅದರ ಬೆರಳುದ್ದದ ಹಂಬು ತುಂಡಾಗಿ ಹೊರಹೋದರೂ ಸಾಕು. ಅದು ಎಲ್ಲಿ ನಿಲ್ಲುತ್ತದೆಯೋ ಅಲ್ಲೇ ಸಂಸಾರ ಹೂಡುತ್ತದೆ. ಪುಣೆಯ ನದಿಗಳಲ್ಲಿ ಪ್ರತಿ ಬೇಸಿಗೆ ಯಂತ್ರ ಇಳಿಸಿ ಎತ್ತಿಸುವುದು ಇದೇ ಗಿಡವನ್ನು. ಯುರೋಪಿನ ಒಕ್ಕೂಟ 2016ರಲ್ಲಿ ಇದನ್ನು ಅಪಾಯಕಾರಿ ಪರಕೀಯ ಜಾತಿಗಳ ಪಟ್ಟಿಗೆ ಸೇರಿಸಿ, ಅಲ್ಲಿ ಇದರ ಮಾರಾಟವನ್ನೇ ನಿಲ್ಲಿಸಿದೆ. ನಮ್ಮಲ್ಲಿ ಕುಂಡದಲ್ಲಿಟ್ಟು ಮಾರುತ್ತಾರೆ. ಆದ್ದರಿಂದ ಇಲ್ಲಿ ಹೊಣೆ ಬೆಳೆಸುವವರದ್ದೇ.

ಹೆಚ್ಚಿನ ನೀರಿನ ಕೊಳವೆಗೆ ಗಟಾರದ ಸಂಪರ್ಕ ತಪ್ಪಿಸಿ, ಹಿತ್ತಲಿನಲ್ಲೇ ಜಲ್ಲಿ ತುಂಬಿದ ಇಂಗುಗುಂಡಿಗೆ ತಿರುಗಿಸಿದೆವು. ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ, ಅದರ ಮುಂದೆ ಇನ್ನೊಂದು. ಜೂನಿಗೆ ಮೊದಲು ಬಳೆಯೊಳಗಿನ ಅರ್ಧದಷ್ಟು ಗಿಡಗಳನ್ನು ತೆಗೆದೆವು. ಗುಂಡಿಗೆ ಖರ್ಚು ಬಂತು. ಭಾವನವರು ಮೊದಲು ಗೊಣಗಿದರೂ ಗಾಣಗಾಪುರದ ಹೆಸರು ಬಂದ ಮೇಲೆ ಮಾತಾಡಲಿಲ್ಲ. ಹೆಚ್ಚಿನ ನೀರನ್ನು ಮನೆಯ ಆವರಣದಲ್ಲೇ ತಡೆಯಲಾಗದ ಕಡೆ ನಾನು ಈ ಗಿಡವನ್ನು ಬೆಳೆಸಿಕೊಡುವುದಿಲ್ಲ. ಹಣಕ್ಕಾಗಿಯೂ ಇಲ್ಲ, ಸ್ನೇಹಕ್ಕಾಗಿಯೂ ಇಲ್ಲ.

ತೆಗೆದ ಗಿಡಗಳನ್ನು ತಾರಸಿಯ ಬಿಸಿಲಿನಲ್ಲಿ ಹರಡಿ, ಮುರಿದರೆ ಸದ್ದು ಬರುವಷ್ಟು ಒಣಗಿಸಿ ಗೊಬ್ಬರದ ಗುಂಡಿಗೆ ಹಾಕುತ್ತಾರೆ. ಗಿಡದ ತೂಕದಲ್ಲಿ ನೂರಕ್ಕೆ 95 ಪಾಲು ನೀರೇ ಆದ್ದರಿಂದ ರಾಶಿ ಬೇಗ ಕರಗುತ್ತದೆ. ಕೊಳದಲ್ಲಿ ಹುಟ್ಟಿ ಬೆಳೆದ ಗಿಡದ ಗೊಬ್ಬರವನ್ನು ತರಕಾರಿಗೂ ಬಳಸಬಹುದು. ಆದರೆ ಕೆರೆಯಿಂದ ಮೊದಲು ತಂದ ಗಿಡಗಳ ಅವಶೇಷವನ್ನು ನಾವು ದಾಸವಾಳದ ಬುಡಕ್ಕೆ ಮಾತ್ರ ಹಾಕಿದೆವು. ಈ ಗಿಡ ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿ ಬೇರಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಊರಿನ ಕೊಳಚೆಯಲ್ಲಿ ಬೆಳೆದದ್ದನ್ನು ತಿನ್ನುವ ಸೊಪ್ಪಿನ ಮಡಿಗೆ ಹಾಕಬಾರದು.

ಮಳೆಗಾಲದ ಮೋಡದಲ್ಲಿ ಹೂ ನಿಂತುಹೋಯಿತು. ಸೆಪ್ಟೆಂಬರಿನ ಬಿಸಿಲಿಗೆ ಬಳೆ ಮತ್ತೆ ತುಂಬಿ, ನವರಾತ್ರಿಯ ಹೊತ್ತಿಗೆ ಎರಡನೆಯ ಸಲ ಅರಳಿತು, ಈ ಬಾರಿ ಮೇ ತಿಂಗಳಿಗಿಂತ ಹೆಚ್ಚು ದಂಟು. ಜಾಲರಿಯಲ್ಲಿ ಮಳೆಗಾಲದುದ್ದಕ್ಕೂ ಸಿಕ್ಕಿಬಿದ್ದದ್ದು ಮಾವಿನ ಎಲೆ ಮತ್ತು ಬೆರಳೆಣಿಕೆಯ ಮರಿಗಿಡ. ಆ ಮರಿಗಳನ್ನು ಅಕ್ಕ ನನಗೆ ತೋರಿಸಲೆಂದೇ ಕಾಗದದ ಮೇಲೆ ಒಣಗಿಸಿ ಇಟ್ಟಿದ್ದರು.

ನವರಾತ್ರಿಯ ಆರತಿಗೆ ಬಂದ ನೆರೆಮನೆಯ ಮರಾಠಿ ಹೆಂಗಸು ಹೂ ನೋಡಿ ನಾಲ್ಕು ಗಿಡ ಕೇಳಿದರು. ಅಕ್ಕ ಆ ಕೂಡಲೇ ಕೊಡಲಿಲ್ಲ. ಅವರ ಕೊಳದ ಹೆಚ್ಚಿನ ನೀರು ಎಲ್ಲಿಗೆ ಹೋಗುತ್ತದೆಂದು ನೋಡಿ ಬರಲು ನನ್ನನ್ನೂ ಮಾಳಿಕಾಕಾನನ್ನೂ ಕಳುಹಿಸಿದರು. ಕೊಳವೆ ನೇರ ಗಟಾರಕ್ಕಿತ್ತು, ಇಂಗುಗುಂಡಿ ತೋಡಲು ಆ ಅಂಗಳದಲ್ಲಿ ಜಾಗವಿರಲಿಲ್ಲ. ಮರುದಿನ ಅವರ ಮನೆಗೆ ಹೋದದ್ದು ನೈದಿಲೆಯ ಎರಡು ಗೆಡ್ಡೆ, ಒಂದು ಮಣ್ಣಿನ ಕುಂಡದ ಸಮೇತ.